ರಂಗ ಪ್ರಶ್ನೋತ್ತರ: ಕಲಿಸುವವರು ಎಲ್ಲಿ ಕಲಿತರು?

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಟಕ ಮತ್ತು ಸಿನಿಮಾ ಕಲಿಸುವ ಶಿಕ್ಷಕರ ಹಿನ್ನೆಲೆಯನ್ನು ಕುರಿತವು. ಶಾಲಾ ಕಾಲೇಜುಗಳ ಪ್ರವೇಶದ ಸಮಯವಾದ್ದರಿಂದ ಇದು ಸಹಜ. ಒಂದೇ ಬಗೆಯ ಪತ್ರಗಳನ್ನು ಒಟ್ಟುಗೂಡಿಸಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗಳು ಈ ವರ್ಷ ಬಿ.ಎ. ಮುಗಿಸಿದ್ದಾಳೆ. ಕಾಲೇಜಿನ ನಾಟಕಗಳಲ್ಲಿ ಪಾತ್ರ ಮಾಡಿದ್ದಾಳೆ. ಈಗ ಅಭಿನಯವನ್ನೂ ಚಿತ್ರ ನಿರ್ದೇಶನವನ್ನೂ ಕ್ರಮವಾಗಿ ಕಲಿಯುತ್ತೇನೆ ಎನ್ನುತ್ತಿದ್ದಾಳೆ. ಎರಡು ಖಾಸಗಿ ತರಗತಿಗಳ ಮಾಹಿತಿ ಪುಸ್ತಿಕೆಗಳು ನಮ್ಮ ಮುಂದಿವೆ. ಒಂದರಲ್ಲಿ ಶಿಕ್ಷಕರು ‘ಎನ್‌ಎಸ್‌ಡಿಯಲ್ಲಿ ತರಬೇತಿ ಪಡೆದವರು’ ಎಂದಿದೆ, ಇನ್ನೊಂದರಲ್ಲಿ ‘ಹಲವಾರು ಯಶಸ್ವಿ ಚಿತ್ರಗಳಲ್ಲಿ ದುಡಿದವರು’ ಎಂದಿದೆ. ನನಗೆ ಈ ಕ್ಷೇತ್ರದ ಗಂಧಗಾಳಿ ಇಲ್ಲ. ಯಾರನ್ನು ನಂಬಬೇಕು?
— ಒಬ್ಬ ತಂದೆ, ಸುರತ್ಕಲ್

ಉತ್ತರ: ನಂಬುವುದಕ್ಕೆ ಮೊದಲು ಆ ಎರಡು ವಾಕ್ಯಗಳನ್ನು ಬಿಡಿಸಿ ಓದಬೇಕಾಗುತ್ತದೆ. ಎರಡೂ ಸುಳ್ಳಾಗಿರಲಾರವು, ಆದರೆ ಎರಡರಲ್ಲೂ ಹೇಳದೆ ಉಳಿಸಿದ್ದು ಬಹಳಷ್ಟಿದೆ.

ಎನ್‌ಎಸ್‌ಡಿ ಎಂದರೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಅದನ್ನು 1959ರಲ್ಲಿ ಸಂಗೀತ ನಾಟಕ ಅಕಾಡೆಮಿ ಆರಂಭಿಸಿತು, 1975ರಲ್ಲಿ ಅದು ಸ್ವಾಯತ್ತ ಸಂಸ್ಥೆಯಾಯಿತು. ಅಲ್ಲಿಯ ಮುಖ್ಯ ಕೋರ್ಸು ಮೂರು ವರ್ಷದ ಪೂರ್ಣಾವಧಿ ಡಿಪ್ಲೊಮಾ. ಪ್ರವೇಶ ಬಯಸುವವರಿಗೆ ಪದವಿಯ ಜೊತೆಗೆ ನಾಟಕಗಳಲ್ಲಿ ಭಾಗವಹಿಸಿದ ಅನುಭವವೂ ಇರಬೇಕು, ಮತ್ತು ದೇಶದ ಎಲ್ಲ ಕಡೆಯಿಂದ ಬರುವ ಅಭ್ಯರ್ಥಿಗಳಲ್ಲಿ ಕೆಲವೇ ಮಂದಿ ಆಯ್ಕೆಯಾಗುತ್ತಾರೆ. ಆದರೆ ಅದೇ ಶಾಲೆ ಊರೂರುಗಳಲ್ಲಿ ಕೆಲವು ವಾರಗಳ ಕಾರ್ಯಾಗಾರಗಳನ್ನೂ ನಡೆಸುತ್ತದೆ. ಮೂರು ವರ್ಷ ಅಲ್ಲಿ ಓದಿದವರೂ ‘ಎನ್‌ಎಸ್‌ಡಿಯಲ್ಲಿ ತರಬೇತಿ ಪಡೆದವರು’, ನಮ್ಮೂರಿನ ಪುರಭವನದಲ್ಲಿ ಅವರ ಶಿಬಿರಕ್ಕೆ ಹೋಗಿ ಪ್ರಮಾಣಪತ್ರ ತಂದವರೂ ‘ಎನ್‌ಎಸ್‌ಡಿಯಲ್ಲಿ ತರಬೇತಿ ಪಡೆದವರು’. ಶಿಬಿರದ ಬಗ್ಗೆ ನನಗೆ ತಾತ್ಸಾರವಿಲ್ಲ, ಅಲ್ಲಿ ಕಲಿತು ಊರಿನ ರಂಗಭೂಮಿಯನ್ನು ಕಟ್ಟಿದವರಿದ್ದಾರೆ. ಆದರೂ ಯಾವ ವರ್ಷದ ವಿದ್ಯಾರ್ಥಿ, ಅಭಿನಯವನ್ನು ಮುಖ್ಯವಾಗಿ ಕಲಿತವರೋ ವಿನ್ಯಾಸ ಮತ್ತು ನಿರ್ದೇಶನವನ್ನೋ ಎಂದು ನೇರವಾಗಿ ಕೇಳುವುದರಲ್ಲಿ ಅವಮರ್ಯಾದೆಯೇನೂ ಇಲ್ಲ. ನಿಜವಾಗಿ ಓದಿದವರು ಈ ಪ್ರಶ್ನೆಗೆ ಸಂತೋಷದಿಂದ, ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತಾರೆ.

ಪುಣೆಯ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ 1960ರಲ್ಲಿ ಆರಂಭವಾದ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಎಂಬ ಬೇರೆ ಬೇರೆ ವಿಭಾಗಗಳಿವೆ. ಅಲ್ಲಿ ಮೂರು ವರ್ಷ ಸಂಕಲನ ಕಲಿತವರು ನಿಮ್ಮ ಮಗಳಿಗೆ ಸಂಕಲನವನ್ನು ಬಲು ಚೆನ್ನಾಗಿ ಕಲಿಸಬಲ್ಲರು, ಆದರೆ ನಟರಿಂದ ಕೆಲಸ ತೆಗೆಯುವುದನ್ನು ಅಷ್ಟೇ ಚೆನ್ನಾಗಿ ಕಲಿಸುತ್ತಾರೆ ಎನ್ನಲಾಗದು. ಇದಲ್ಲದೆ ಅಲ್ಲಿ ಕೆಲವು ವಾರಗಳ ಚಿತ್ರ ರಸಗ್ರಹಣ ಶಿಬಿರವೂ ಇದೆ, ಈಚಿನ ವರ್ಷಗಳಲ್ಲಿ ಬೇರೆ ಊರುಗಳಲ್ಲಿ ನಡೆಸುವ ಅಲ್ಪಾವಧಿಯ ಕೋರ್ಸುಗಳೂ ಇವೆ. ಪುಸ್ತಿಕೆಯಲ್ಲಿ ಇವೆಲ್ಲವೂ ‘ಪುಣೆಯಲ್ಲಿ ಅಭ್ಯಾಸ’ ಎಂಬ ಎರಡು ಪದಗಳಲ್ಲಿ ಅಡಗಿ ಕುಳಿತಿರಬಹುದು.

ನಮ್ಮ ಭಾಗದಲ್ಲಿ ಹೆಚ್ಚು ಕಾಣಿಸುವ ಇನ್ನೊಂದು ಹಿನ್ನೆಲೆ ನೀನಾಸಮ್‌ನದು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಅಡಿಕೆ ಕೃಷಿಕರಾಗಿದ್ದ ಕೆ.ವಿ. ಸುಬ್ಬಣ್ಣನವರು ಊರವರೊಡನೆ ಕಟ್ಟಿದ ಆ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ವನ್ನೂ ಆರಂಭಿಸಿತು. ಅಲ್ಲಿಯ ಡಿಪ್ಲೊಮಾ ಮುಗಿಸಿ ತಿರುಗಾಟಕ್ಕೂ ಹೋಗಿಬಂದವರು ಎಂದರೆ ಅವರ ಬಗ್ಗೆ ಒಂದು ಸಂಗತಿಯನ್ನು ಧೈರ್ಯವಾಗಿ ಹೇಳಬಹುದು: ಸಂಜೆ ಪಾತ್ರ ಮಾಡುವವರೇ ಮಧ್ಯಾಹ್ನ ಲಾರಿಯಿಂದ ಪರಿಕರ ಇಳಿಸಿ, ರಂಗಸಜ್ಜಿಕೆ ಕಟ್ಟಿ, ದೀಪ ತೂಗುಹಾಕಿ, ಆಟ ಮುಗಿದ ಮೇಲೆ ಎಲ್ಲವನ್ನೂ ಮಡಚಿ ಮುಂದಿನ ಊರಿಗೆ ಹೊರಟಿರುತ್ತಾರೆ. ಸೌಕರ್ಯವಿಲ್ಲದ ಶಾಲಾ ಅಂಗಳದಲ್ಲಿ ನಾಟಕ ನಿಲ್ಲಿಸುವುದು ಹೇಗೆಂದು ಇಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ‘ಹಲವಾರು ಚಿತ್ರಗಳಲ್ಲಿ ದುಡಿದವರು’ ಎಂಬುದಕ್ಕೆ ಬರೋಣ. ಚಿತ್ರೀಕರಣದ ಸ್ಥಳದಲ್ಲಿ ನಿರ್ದೇಶನ ವಿಭಾಗ ಎಂಬುದು ದೊಡ್ಡ ಸಂಸಾರ. ಕ್ಲ್ಯಾಪ್ ಹಿಡಿಯುವ ಹುಡುಗನಿಂದ ಹಿಡಿದು ಸಹನಿರ್ದೇಶಕರವರೆಗೆ ಎಲ್ಲರೂ ಅದರ ಲೆಕ್ಕಕ್ಕೇ ಸೇರುತ್ತಾರೆ. ಕಂಟಿನ್ಯೂಟಿ ಬರೆಯುವವನ ಕೆಲಸವೆಂದರೆ ನಾಯಕಿಯ ಸೆರಗು ಹಿಂದಿನ ಶಾಟಿನಲ್ಲಿ ಯಾವ ಭುಜದ ಮೇಲಿತ್ತು, ಮೇಜಿನ ಮೇಲಿನ ಲೋಟದಲ್ಲಿ ಚಹಾ ಎಲ್ಲಿಯವರೆಗಿತ್ತು ಎಂಬುದನ್ನು ಗುರುತಿಟ್ಟುಕೊಳ್ಳುವುದು. ಇದನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಮಾಡಿದವರು ಸಿನಿಮಾ ತುಣುಕು ತುಣುಕಾಗಿ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ಕೆಲವು ನಿರ್ದೇಶಕರಿಗಿಂತ ಚೆನ್ನಾಗಿ ಬಲ್ಲರು. ಹಾಗೆಂದು ಅವರು ಚಿತ್ರಕಥೆ ಬರೆದಿದ್ದಾರೆ, ನಟರನ್ನು ಪಳಗಿಸಿದ್ದಾರೆ ಎಂದು ಭಾವಿಸಬಾರದು. ಆದುದರಿಂದ ಚಿತ್ರಗಳ ಸಂಖ್ಯೆಯನ್ನು ಬಿಟ್ಟು, ಯಾವ ಚಿತ್ರದಲ್ಲಿ ಯಾವ ಕೆಲಸ ಎಂದು ಕೇಳಿ. ಚಿತ್ರದ ಕೊನೆಯಲ್ಲಿ ಹೆಸರುಗಳು ಓಡುತ್ತವೆಯಲ್ಲ, ನಾವೆಲ್ಲ ಎದ್ದು ಬಾಗಿಲ ಕಡೆ ಹೋಗುವ ಹೊತ್ತಿನಲ್ಲಿ, ಅಲ್ಲಿ ಇದು ಬರೆದಿರುತ್ತದೆ.

ಮೂರನೆಯ ಬಗೆಯ ಶಿಕ್ಷಕರೂ ಕರಾವಳಿಯಲ್ಲಿ ಬಹುಕಾಲದಿಂದ ಇದ್ದಾರೆ. ಅವರ ಹೆಸರು ನಿಮ್ಮ ಪುಸ್ತಿಕೆಗಳಲ್ಲಿ ಇರಲಿಕ್ಕಿಲ್ಲ. ಹಗಲು ಬ್ಯಾಂಕಿನಲ್ಲಿಯೋ ವಿಮಾ ಕಚೇರಿಯಲ್ಲಿಯೋ ಕಾಲೇಜಿನಲ್ಲಿಯೋ ಕೆಲಸ ಮಾಡಿ ಸಂಜೆ ಆರರ ಮೇಲೆ ತಾಲೀಮು ನಡೆಸುವ ಹವ್ಯಾಸಿ ನಿರ್ದೇಶಕರು ಇವರು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಕರ್ಣಾಟಕ ಎಂದು ಸಾಲುಸಾಲಾಗಿ ಬ್ಯಾಂಕುಗಳು ಹುಟ್ಟಿದ ಈ ನೆಲದಲ್ಲಿ ನಾಟಕಕ್ಕೂ ಬ್ಯಾಂಕಿಗೂ ಇರುವ ನಂಟನ್ನು ಯಾರಾದರೂ ವಿವರವಾಗಿ ಬರೆಯಬೇಕು ಎಂಬುದು ನನ್ನ ಹಳೆಯ ಆಸೆ. ಉಡುಪಿಯ ‘ರಂಗಭೂಮಿ’, ‘ರಥಬೀದಿ ಗೆಳೆಯರು’ ಮುಂತಾದ ತಂಡಗಳು ನಡೆದುಬಂದದ್ದು ಹೊಟ್ಟೆಪಾಡಿಗೆ ಬೇರೆ ಉದ್ಯೋಗವಿದ್ದವರ ಬಲದಿಂದ. ಮೂಲ್ಕಿಯ ಸದಾನಂದ ಸುವರ್ಣರು ಮುಂಬಯಿಯ ಕನ್ನಡ ರಂಗಭೂಮಿಯಲ್ಲಿ ಬೆಳೆದು, ‘ಘಟಶ್ರಾದ್ಧ’ ಚಿತ್ರವನ್ನು ನಿರ್ಮಿಸಿ, ‘ಗುಡ್ಡದ ಭೂತ’ ಧಾರಾವಾಹಿಯನ್ನು ನಿರ್ದೇಶಿಸಿದರು. ಇಂಥವರ ಕೈಯಲ್ಲಿ ಕಲಿತ ನಟರಿಗೆ ಪ್ರಮಾಣಪತ್ರ ಸಿಗಲಿಲ್ಲ, ಆದರೆ ಪ್ರತಿ ವರ್ಷ ಒಂದು ಹೊಸ ನಾಟಕ ಸಿಕ್ಕಿತು. ನಿಮ್ಮ ಮಗಳು ಯಾವ ಸಂಸ್ಥೆಗೆ ಸೇರಲಿ ಬಿಡಲಿ, ಇಂತಹ ಒಂದು ತಂಡದ ತಾಲೀಮಿಗೆ ಹೋಗಿ ಕುಳಿತುಕೊಳ್ಳಲಿ. ಅದಕ್ಕೆ ಶುಲ್ಕವಿಲ್ಲ. ಮೊದಲ ಕೆಲವು ದಿನ ಚಾಪೆ ಮಡಚುವ ಕೆಲಸ ಬೀಳಬಹುದು.

ಕಡೆಯದಾಗಿ, ಹಣ ಕಟ್ಟುವುದಕ್ಕೆ ಮುನ್ನ ಎರಡೂ ಕಡೆ ಒಂದೊಂದು ತರಗತಿಯನ್ನು ನೋಡಲು ಅವಕಾಶ ಕೇಳಿ. ಅಲ್ಲಿ ಗಮನಿಸಬೇಕಾದುದು ಶಿಕ್ಷಕರ ಮಾತಿನ ಸೊಗಸನ್ನಲ್ಲ. ವಿದ್ಯಾರ್ಥಿನಿಯೊಬ್ಬಳು ಬಾಗಿಲು ತೆರೆದು ಒಳಗೆ ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳುವ ಒಂದು ಚಿಕ್ಕ ಅಭ್ಯಾಸ ನಡೆಯುತ್ತಿದೆ ಎನ್ನಿ. ಅವಳು ಕುಳಿತದ್ದು ಸರಿಬರಲಿಲ್ಲ. ಒಬ್ಬ ಶಿಕ್ಷಕರು ತಟ್ಟನೆ ಎದ್ದು ತಾವೇ ನಡೆದು ಕುಳಿತು ತೋರಿಸಿ, ಹೀಗೆ ಮಾಡು ಎನ್ನುತ್ತಾರೆ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಾರೆ, ಹುಡುಗಿ ಅವರನ್ನು ಅನುಕರಿಸಿ ಇನ್ನಷ್ಟು ಕೃತಕವಾಗುತ್ತಾಳೆ. ಇನ್ನೊಬ್ಬರು ಕುಳಿತಲ್ಲಿಂದಲೇ, ನೀನು ಬಸ್ಸಿಳಿದು ಎಷ್ಟು ದೂರ ನಡೆದು ಬಂದೆ, ಚೀಲದಲ್ಲಿ ಏನಿದೆ, ಈ ಮನೆಯಲ್ಲಿ ಕುಳಿತುಕೋ ಎಂದು ನಿನಗೆ ಯಾರಾದರೂ ಹೇಳಿದರೇ ಎಂದು ಕೇಳುತ್ತಾರೆ. ಅವಳು ಮತ್ತೆ ಬರುತ್ತಾಳೆ, ಈ ಸಲ ಚೀಲವನ್ನು ನೆಲಕ್ಕಿಡದೆ ಕುರ್ಚಿಯ ಅಂಚಿನಲ್ಲಿ ಕುಳಿತುಕೊಳ್ಳುತ್ತಾಳೆ. ಮೊದಲನೆಯವರು ಒಳ್ಳೆಯ ನಟರಿರಬಹುದು, ಕಲಿಸಬಲ್ಲವರು ಎರಡನೆಯವರು. ಸಿನಿಮಾ ತರಗತಿಯಾದರೆ ಶಿಕ್ಷಕರೇ ಮಾಡಿದ ಒಂದು ದೃಶ್ಯವನ್ನು ತೋರಿಸುವಂತೆ ಕೇಳಿ, ಇಲ್ಲಿ ಏಕೆ ಕತ್ತರಿಸಿದಿರಿ, ಇನ್ನೂ ಒಂದು ಕ್ಷಣ ಏಕೆ ನಿಲ್ಲಿಸಲಿಲ್ಲ ಎಂದು ಮಗಳೇ ಪ್ರಶ್ನಿಸಲಿ. ತಾವು ಮಾಡಿದ್ದಕ್ಕೆ ಕಾರಣ ಹೇಳಬಲ್ಲವರ ಬಳಿ ಕಲಿಯುವುದು ಬಹಳಷ್ಟಿರುತ್ತದೆ.

ಪ್ರಶ್ನೆ: ನಮ್ಮ ಪದವಿ ಕಾಲೇಜಿನಲ್ಲಿ ರಂಗಭೂಮಿಯನ್ನು ಒಂದು ಐಚ್ಛಿಕ ವಿಷಯವಾಗಿ ಆರಂಭಿಸುವ ಆಲೋಚನೆಯಿದೆ. ಯಕ್ಷಗಾನದ ಹಿರಿಯ ಗುರುಗಳೊಬ್ಬರನ್ನು ಕರೆಸಬೇಕೆಂದು ನಾನು ಸೂಚಿಸಿದೆ. ಅವರಿಗೆ ಶಾಲಾ ವಿದ್ಯಾಭ್ಯಾಸ ಕಡಿಮೆ, ನೇಮಕಕ್ಕೆ ಎಂ.ಎ. ಮತ್ತು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲದೆ ಆಗದು ಎಂದು ಆಡಳಿತದವರು ಹೇಳುತ್ತಾರೆ. ಕಾನೂನು ನಿಜವಾಗಿ ಏನು ಹೇಳುತ್ತದೆ?
— ಕನ್ನಡ ಉಪನ್ಯಾಸಕಿ, ಉಡುಪಿ

ಉತ್ತರ: ಆಡಳಿತದವರು ಹೇಳಿದ್ದರಲ್ಲಿ ಅರ್ಧ ಸರಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳಂತೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯ ದಾರಿ ಸ್ನಾತಕೋತ್ತರ ಪದವಿ ಮತ್ತು ನೆಟ್. ಆದರೆ ಅದೇ ನಿಯಮಗಳು ಸಂಗೀತ, ಪ್ರದರ್ಶನ ಕಲೆ, ದೃಶ್ಯಕಲೆಗಳಿಗೆ ಒಂದು ಭಾಗವನ್ನೂ ನಾಟಕಕ್ಕೆ ಬೇರೆಯೇ ಒಂದು ಭಾಗವನ್ನೂ ಇಟ್ಟಿವೆ. ನಾಟಕದ ವಿಷಯದಲ್ಲಿ, ರಾಷ್ಟ್ರೀಯ ನಾಟಕ ಶಾಲೆಯಲ್ಲಿಯೋ ಅಂತಹುದೇ ಬೇರೆ ಸಂಸ್ಥೆಯಲ್ಲಿಯೋ ಓದಿ, ಐದು ವರ್ಷ ಪ್ರಾದೇಶಿಕ, ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ರಂಗದ ಮೇಲೆ ನಿರಂತರವಾಗಿ ಮನ್ನಣೆಯ ಕೆಲಸ ಮಾಡಿದ ಕಲಾವಿದರನ್ನು ಪರಿಗಣಿಸಲು ಅವಕಾಶವಿದೆ. ವಿಷಯವನ್ನು ತರ್ಕಬದ್ಧವಾಗಿ ವಿವರಿಸಬಲ್ಲ, ಸಿದ್ಧಾಂತವನ್ನು ಉದಾಹರಣೆಯೊಡನೆ ಕಲಿಸಬಲ್ಲ ಸಾಮರ್ಥ್ಯವನ್ನೂ ನಿಯಮ ಕೇಳುತ್ತದೆ. ಇಲ್ಲಿಯೂ ಒಂದು ಪದವಿಯ ಅಥವಾ ಡಿಪ್ಲೊಮಾದ ಬಾಗಿಲು ಇದ್ದೇ ಇದೆಯಾದ್ದರಿಂದ, ನೀವು ಹೇಳಿದ ಗುರುಗಳಂಥವರಿಗೆ ಈ ದಾರಿ ತೆರೆಯದು.

ಅವರಿಗೆ ತೆರೆಯುವ ದಾರಿ ಬೇರೆಯಿದೆ. 2022ರಲ್ಲಿ ಆಯೋಗ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹುದ್ದೆಗೆ ಮಾರ್ಗಸೂಚಿ ಹೊರಡಿಸಿತು. ತಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷಗಳ ಅನುಭವವಿರುವ ಪರಿಣತರನ್ನು ಔಪಚಾರಿಕ ವಿದ್ಯಾರ್ಹತೆಯ ನಿರ್ಬಂಧವಿಲ್ಲದೆ ಇದರಡಿ ತೆಗೆದುಕೊಳ್ಳಬಹುದು. ಇಂತಹ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರಬಾರದು, ಅವಧಿ ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಮುಗಿಯಬೇಕು. ಕಲೆಯೂ ಈ ಕ್ಷೇತ್ರಗಳ ಪಟ್ಟಿಯಲ್ಲಿದೆ. ಗೌರವ ಸೇವೆಯ ನೆಲೆಯಲ್ಲಿಯೂ ನೇಮಿಸಬಹುದು ಎಂದು ಮಾರ್ಗಸೂಚಿ ಹೇಳುತ್ತದೆ. ಆದರೆ ದಯವಿಟ್ಟು ಈ ಕೊನೆಯ ಸೌಲಭ್ಯವನ್ನು ಬಳಸಿಕೊಳ್ಳಬೇಡಿ. ಮೇಳದ ಕಲಾವಿದರಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಬಸ್ಸಿನ ದುಡ್ಡನ್ನು ಮರೆಯುವ ಸಂಪ್ರದಾಯ ನಮ್ಮ ಜಿಲ್ಲೆಗಳಲ್ಲಿ ಸಾಕಷ್ಟು ಬೆಳೆದಿದೆ.

ಕಾನೂನಿನ ಮಾತು ಅಷ್ಟು. ಶಾಲೆಯ ಓದು ಇಲ್ಲದವರು ಕಾಲೇಜಿನ ಮಕ್ಕಳಿಗೆ ಕಲಿಸಬಲ್ಲರೇ ಎಂಬ ಅನುಮಾನ ನಿಮ್ಮ ಆಡಳಿತದವರ ಮನಸ್ಸಿನಲ್ಲಿದ್ದರೆ, ಅವರನ್ನು ಒಮ್ಮೆ ನಿಮ್ಮದೇ ಊರಿನ ಇಂದ್ರಾಳಿಗೆ ಕರೆದೊಯ್ಯಿರಿ. ಎಂಜಿಎಂ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ, ಕೋಟ ಶಿವರಾಮ ಕಾರಂತ ಮತ್ತು ಪ್ರೊ. ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಆರಂಭವಾದ ಯಕ್ಷಗಾನ ಕೇಂದ್ರದಲ್ಲಿ ಕಲಿಸಿದವರು ಮೇಳಗಳಿಂದ ಬಂದ ಗುರುಗಳು. ಅಲ್ಲಿ ಬಹುಕಾಲ ಗುರುಗಳಾಗಿದ್ದ ಬನ್ನಂಜೆ ಸಂಜೀವ ಸುವರ್ಣರಿಗೆ ಸಿಕ್ಕ ಶಾಲಾ ಶಿಕ್ಷಣ ತೀರ ಅಲ್ಪ, ಆದರೆ ದೆಹಲಿಯ ನಾಟಕ ಶಾಲೆಯ ವಿದ್ಯಾರ್ಥಿಗಳು ಯಕ್ಷಗಾನ ಕಲಿತದ್ದು ಅವರಿಂದ. ಹಿರಿಯಡಕ, ಪೆರ್ಡೂರು ಮೇಳಗಳಲ್ಲಿ ಮದ್ದಳೆ ನುಡಿಸಿದ ಹಿರಿಯಡಕ ಗೋಪಾಲರಾಯರ ಬಳಿ ಕಲಿತ ಅಮೆರಿಕದ ಮಾರ್ಥಾ ಆಷ್ಟನ್ ಈ ಕಲೆಯ ಬಗ್ಗೆ ಸಂಶೋಧನಾ ಗ್ರಂಥ ಬರೆದರು. ಸಂಶೋಧಕಿಗೆ ವಿಶ್ವವಿದ್ಯಾಲಯದ ಪದವಿ ಬಂತು, ಅದಕ್ಕೆ ಬೇಕಾದ ವಿದ್ಯೆ ಬಂದದ್ದು ಮದ್ದಳೆಗಾರರ ಮನೆಯಿಂದ.

ಮೇಳದ ಹಿನ್ನೆಲೆಯೂ ಒಂದು ಪಠ್ಯಕ್ರಮವೇ ಎಂಬುದನ್ನು ಮರೆಯಬಾರದು. ಪ್ರಸಂಗಕ್ಕೆ ಮುನ್ನ ಬರುವ ವೇಷಗಳಲ್ಲಿ ಹುಡುಗ ಮೊದಲು ಕೋಡಂಗಿಯಾಗಿ, ಬಳಿಕ ಬಾಲಗೋಪಾಲನಾಗಿ, ಆಮೇಲೆ ಪೀಠಿಕಾ ಸ್ತ್ರೀವೇಷವಾಗಿ ಮೆಟ್ಟಿಲು ಹತ್ತುತ್ತಾನೆ. ಹಿರಿಯರ ವೇಷವನ್ನು ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಕುಳಿತು ನೋಡುತ್ತ, ಬೆಳಗಿನವರೆಗೆ ಪ್ರಸಂಗ ಕೇಳುತ್ತ, ಭಾಗವತರ ಪದ ಬಾಯಿಪಾಠವಾಗುತ್ತದೆ. ಇಂತಹ ಗುರುಗಳ ತರಗತಿಯಲ್ಲಿ ನಾನು ಸುರತ್ಕಲ್ಲಿನ ಓದುಗರಿಗೆ ಮೇಲೆ ಹೇಳಿದ ಮಾತು ತಲೆಕೆಳಗಾಗುತ್ತದೆ. ಇಲ್ಲಿ ಗುರು ಕಾರಣ ಕೇಳುವುದಿಲ್ಲ, ಕುಣಿದೇ ತೋರಿಸುತ್ತಾರೆ. ಬಾಯಿತಾಳ ಹೇಳುತ್ತ ಕೈಯಲ್ಲಿ ತಾಳ ತಟ್ಟುತ್ತಾರೆ. ಹುಡುಗನ ಹಿಮ್ಮಡಿ ಹೊರಗೆ ತಿರುಗಿದರೆ ಮಾತಿಲ್ಲದೆ ಬಗ್ಗಿ ಪಾದವನ್ನು ಹಿಡಿದು ಸರಿಪಡಿಸುತ್ತಾರೆ, ಮುಂಡಾಸು ಕಟ್ಟುವಾಗ ಸುತ್ತು ಸಡಿಲವಾದರೆ ಬಿಚ್ಚಿ ಮೊದಲಿಂದ ಸುತ್ತಿಸುತ್ತಾರೆ. ಅನುಕರಣೆಯೇ ಇಲ್ಲಿ ಕ್ರಮ, ಏಕೆಂದರೆ ಹೆಜ್ಜೆ ಮೈಗೆ ಹತ್ತಿದ ಮೇಲೆಯೇ ಸ್ವಂತದ್ದನ್ನು ಸೇರಿಸುವ ಅಧಿಕಾರ ಬರುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಪ್ರಯೋಗದ ಭಾಗವನ್ನು ಗುರುಗಳಿಗೆ ಬಿಡಿ. ಸಾಧ್ಯವಾದರೆ ಐವತ್ತು ನಿಮಿಷದ ಪೀರಿಯಡ್ಡಿಗೆ ಅವರನ್ನು ಕಟ್ಟಿಹಾಕದೆ ವಾರಕ್ಕೊಂದು ಇಡೀ ಅಪರಾಹ್ನ ಕೊಡಿ. ರಂಗಭೂಮಿಯ ಇತಿಹಾಸ, ನಾಟಕ ಸಾಹಿತ್ಯ, ಉತ್ತರಪತ್ರಿಕೆ, ಅಂಕಪಟ್ಟಿ, ಇವೆಲ್ಲ ನಿಮ್ಮ ಹೆಗಲಿಗಿರಲಿ. ಅವರು ಕಲಿಸುವಾಗ ನೀವೂ ಅಲ್ಲಿ ಕುಳಿತು ಟಿಪ್ಪಣಿ ಮಾಡಿಕೊಂಡರೆ ಅವರ ಅವಧಿ ಮುಗಿದ ಮೇಲೆ ಕಾಲೇಜಿನಲ್ಲಿ ಏನಾದರೂ ಉಳಿಯುತ್ತದೆ.

ಪ್ರಶ್ನೆ: ಒಂದೂ ಚಿತ್ರ ಮಾಡದವರು ಸಿನಿಮಾ ಪಾಠ ಮಾಡಬಹುದೇ? ಮಾಡಿದ ಚಿತ್ರ ಸೋತವರು?
— ಪತ್ರಿಕೋದ್ಯಮ ವಿದ್ಯಾರ್ಥಿ, ಮಣಿಪಾಲ

ಉತ್ತರ: ಯಾವ ಪಾಠ ಎಂಬುದರ ಮೇಲೆ ನಿಂತಿದೆ. ಕ್ಯಾಮೆರಾ ಹಿಡಿಯದವರು ಛಾಯಾಗ್ರಹಣ ಕಲಿಸುವುದಾಗದು. ಚಿತ್ರ ನೋಡುವುದನ್ನು ಕಲಿಸುವುದಕ್ಕೆ ಬೇರೆಯ ತಯಾರಿ ಬೇಕು. ಪುಣೆಯಲ್ಲಿ ಚಿತ್ರ ರಸಗ್ರಹಣ ಎಂಬ ವಿಷಯವನ್ನೇ ಕಟ್ಟಿ ನಿಲ್ಲಿಸಿದ ಸತೀಶ್ ಬಹಾದುರ್ ಪ್ರಾಧ್ಯಾಪಕರಾಗಿದ್ದರು, ಚಿತ್ರ ನಿರ್ದೇಶಕರಾಗಿ ಹೆಸರು ಮಾಡಿದವರಲ್ಲ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರ ಜೀವನ ಚಿತ್ರದ ರೀಲುಗಳನ್ನು ಹುಡುಕಿ ಉಳಿಸುವುದರಲ್ಲಿ ಕಳೆಯಿತು. ಇವರಿಬ್ಬರೂ ಹೆಗ್ಗೋಡಿಗೆ ಬಂದು, ಅಡಿಕೆ ತೋಟದ ನಡುವಿನ ಊರಿನಲ್ಲಿ ರೈತರಿಗೂ ಅಧ್ಯಾಪಕರಿಗೂ ಜಗತ್ತಿನ ಚಿತ್ರಗಳನ್ನು ತೋರಿಸಿ ಪಾಠ ಹೇಳಿದರು. ಕನ್ನಡದಲ್ಲಿ ಸಿನಿಮಾವನ್ನು ಗಂಭೀರವಾಗಿ ನೋಡುವ, ಬರೆಯುವ ಒಂದು ತಲೆಮಾರು ಈ ಶಿಬಿರಗಳಿಂದ ಹೊರಬಂತು.

ಸೋತ ಚಿತ್ರದ ವಿಷಯದಲ್ಲಿ ಋತ್ವಿಕ್ ಘಟಕ್ ಒಬ್ಬರೇ ಸಾಕು. ಬಂಗಾಳದ ಜನನಾಟ್ಯ ಚಳವಳಿಯಿಂದ ಬಂದ ಅವರ ಚಿತ್ರಗಳಲ್ಲಿ ಹೆಚ್ಚಿನವುಗಳಿಗೆ ಅವರ ಕಾಲದಲ್ಲಿ ಪ್ರೇಕ್ಷಕರು ಸಿಗಲಿಲ್ಲ. 1960ರ ದಶಕದ ನಡುವೆ ಅವರು ಪುಣೆಯಲ್ಲಿ ಕಲಿಸಿದ್ದು ಸ್ವಲ್ಪವೇ ಕಾಲ, ಆದರೂ ಮಣಿ ಕೌಲ್, ಕುಮಾರ್ ಶಹಾನಿ ಅವರಂತಹ ನಿರ್ದೇಶಕರು ತಮ್ಮ ಗುರು ಎಂದು ಹೇಳಿಕೊಂಡದ್ದು ಅವರನ್ನು. ಇದನ್ನು ಓದಿ ಸೋತವರೆಲ್ಲ ಘಟಕ್ ಎಂದು ತಿಳಿಯಬೇಡಿ. ಸೋತ ಚಿತ್ರದ ಬಗ್ಗೆ ಪ್ರೇಕ್ಷಕರನ್ನೂ ವಿತರಕರನ್ನೂ ಬೈಯುತ್ತಲೇ ಕಾಲ ಕಳೆಯುವ ಶಿಕ್ಷಕರಿಂದ ವಿದ್ಯಾರ್ಥಿಗಳು ಕಲಿಯುವುದು ಬೈಗುಳವನ್ನು ಮಾತ್ರ.

ಪ್ರಶ್ನೆ: ನಾನು ಸರಕಾರಿ ಪ್ರೌಢಶಾಲೆಯ ಶಿಕ್ಷಕ. ಪ್ರತಿ ವರ್ಷ ಪ್ರತಿಭಾ ಕಾರಂಜಿಗೂ ವಾರ್ಷಿಕೋತ್ಸವಕ್ಕೂ ಮಕ್ಕಳಿಗೆ ನಾಟಕ ಮಾಡಿಸುತ್ತೇನೆ. ನನಗೆ ರಂಗ ತರಬೇತಿ ಇಲ್ಲ ಎಂಬ ಅಳುಕು ಇದೆ. ಕೆಲಸ ಬಿಡದೆ ಕಲಿಯುವ ಮಾರ್ಗವಿದೆಯೇ?
— ಶಿಕ್ಷಕರು, ಬಂಟ್ವಾಳ

ಉತ್ತರ: ನಿಮ್ಮ ತಾಲೂಕಿನವರೇ ಆದ ಬಿ.ವಿ. ಕಾರಂತರ ವೃತ್ತಿಜೀವನವನ್ನು ಒಮ್ಮೆ ನೆನೆಸಿಕೊಳ್ಳಿ. ಮಂಚಿಯಲ್ಲಿ ಹುಟ್ಟಿದ ಹುಡುಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ, ಗುಬ್ಬಿ ವೀರಣ್ಣನವರು ಅವನನ್ನು ಓದಲು ಕಾಶಿಗೆ ಕಳುಹಿಸಿದರು, ಅಲ್ಲಿ ಹಿಂದಿ ಎಂ.ಎ.ಯ ಜೊತೆಗೆ ಓಂಕಾರನಾಥ ಠಾಕೂರರ ಬಳಿ ಸಂಗೀತವೂ ದೊರೆಯಿತು, ಬಳಿಕ ದೆಹಲಿಯ ನಾಟಕ ಶಾಲೆಯ ಡಿಪ್ಲೊಮಾ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದಾದ ಮೇಲೆ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಹೇಳಿಕೊಡುವ ಶಿಕ್ಷಕರಾಗಿದ್ದರು ಎಂಬುದನ್ನು ಕಡಿಮೆ ಮಂದಿ ಹೇಳುತ್ತಾರೆ. ‘ಚೋಮನ ದುಡಿ’ ಚಿತ್ರಕ್ಕೆ ರಾಷ್ಟ್ರೀಯ ಪ್ರಶಸ್ತಿಯ ಸ್ವರ್ಣಕಮಲ ಬಂದದ್ದು, 1977ರಲ್ಲಿ ಅದೇ ನಾಟಕ ಶಾಲೆಯ ನಿರ್ದೇಶಕರಾದದ್ದು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದ್ದು, ಎಲ್ಲವೂ ಆಮೇಲಿನದು. ಅವರ ಪತ್ನಿ ಪ್ರೇಮಾ ಕಾರಂತರು ಶಾಲಾ ಶಿಕ್ಷಕಿಯಾಗಿದ್ದವರು. ನಾಟಕ ಶಾಲೆಗೆ ಸೇರಿ ಕಲಿತು, ಮಕ್ಕಳ ರಂಗಭೂಮಿಯಲ್ಲಿ ದುಡಿದು, ‘ಫಣಿಯಮ್ಮ’ ಚಿತ್ರವನ್ನು ನಿರ್ದೇಶಿಸಿದರು. ಶಾಲೆಯ ತರಗತಿಯಿಂದ ರಂಗಭೂಮಿಗೆ ಬಂದವರು ನೀವೊಬ್ಬರೇ ಅಲ್ಲ.

ಕೆಲಸ ಬಿಡದೆ ಕಲಿಯುವುದಕ್ಕೆ ರಜೆಯ ಶಿಬಿರಗಳೇ ಗತಿ. ಅಕ್ಟೋಬರ್ ಸುಮಾರಿಗೆ ನಡೆಯುತ್ತ ಬಂದಿರುವ ಹೆಗ್ಗೋಡಿನ ಸಂಸ್ಕೃತಿ ಶಿಬಿರ ನಾಟಕ ಮಾಡಿಸುವುದನ್ನು ಹೇಳಿಕೊಡುವುದಿಲ್ಲ, ಆದರೆ ನಾಟಕವನ್ನು ನೋಡಿ ಮಾತಾಡುವುದನ್ನು ಕಲಿಸುತ್ತದೆ. ಬೇಸಿಗೆಯಲ್ಲಿ ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ ಎಂಬ ಮಕ್ಕಳ ಶಿಬಿರದಲ್ಲಿ, ತರಬೇತಾದ ರಂಗಕರ್ಮಿಗಳು ಮಕ್ಕಳೊಡನೆ ಹೇಗೆ ಕೆಲಸ ಮಾಡುತ್ತಾರೆಂದು ಕೆಲವು ದಿನ ಕುಳಿತು ನೋಡಲು ಕೇಳಿಕೊಂಡರೆ ಅದು ನಿಮಗೆ ಹೆಚ್ಚು ಉಪಯುಕ್ತ. ಹತ್ತಿರದಲ್ಲೇ ಆಗಬೇಕೆಂದರೆ ಸುಳ್ಯದ ರಂಗಮನೆಯಂತಹ ಕಡೆ ನಡೆಯುವ ಮಕ್ಕಳ ಶಿಬಿರಗಳಿವೆ.

ನಿಮ್ಮ ಅಳುಕಿನ ಬಗ್ಗೆ ಒಂದು ಮಾತು. ತರಬೇತಾದ ನಿರ್ದೇಶಕರು ಶಾಲೆಗೆ ಬಂದು ಹದಿನೈದು ದಿನದಲ್ಲಿ ಚೊಕ್ಕದಾದ ನಾಟಕ ಕಟ್ಟಿ ಹೋಗುತ್ತಾರೆ. ಯಾವ ಹುಡುಗ ಮನೆಯಲ್ಲಿ ಮಾತಾಡುವುದಿಲ್ಲ, ಯಾವ ಹುಡುಗಿಗೆ ತಾಲೀಮಿಗೆ ನಿಂತರೆ ಕೊನೆಯ ಬಸ್ಸು ತಪ್ಪುತ್ತದೆ ಎಂಬುದು ಅವರಿಗೆ ಗೊತ್ತಾಗುವ ಹೊತ್ತಿಗೆ ನಾಟಕ ಮುಗಿದಿರುತ್ತದೆ. ನಿಮಗೆ ಅದು ಮೊದಲೇ ಗೊತ್ತು. ಪಾತ್ರ ಹಂಚುವಾಗ ಈ ತಿಳಿವಳಿಕೆ ಬೆಳಕಿನ ವಿನ್ಯಾಸಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಿಮಗೆ ಕೊರತೆಯಿರುವುದು ಧ್ವನಿ, ಚಲನೆ, ರಂಗದ ಮೇಲೆ ಜಾಗದ ಬಳಕೆ, ಇಂತಹ ಕಸುಬಿನ ಸಂಗತಿಗಳಲ್ಲಿ ಎಂದಾದರೆ ಅದನ್ನು ಶಿಬಿರಗಳು ತುಂಬಿಕೊಡುತ್ತವೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಮುಗಿಸಿ ಕಂಪನಿಯೊಂದರಲ್ಲಿದ್ದೇನೆ. ಸಿನಿಮಾ ಕಲಿತು ಮುಂದೆ ಸಿನಿಮಾ ಶಿಕ್ಷಕನಾಗಬೇಕೆಂಬ ಆಸೆ. ನನ್ನ ಓದೆಲ್ಲ ವ್ಯರ್ಥವೆಂದು ಮನೆಯವರು ಬೇಸರಿಸುತ್ತಾರೆ.
— ಓದುಗ, ಕಾಪು

ಉತ್ತರ: ನಿಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿಯಲ್ಲಿರುವ ಮಣಿಪಾಲದಲ್ಲಿ ಗಿರೀಶ ಕಾಸರವಳ್ಳಿಯವರು ಓದಿದ್ದು ಔಷಧಶಾಸ್ತ್ರವನ್ನು. ಅದಾದ ಮೇಲೆ ಪುಣೆಗೆ ಹೋಗಿ 1975ರಲ್ಲಿ ಚಲನಚಿತ್ರ ಶಿಕ್ಷಣ ಮುಗಿಸಿ, ಎರಡು ವರ್ಷದಲ್ಲಿ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಪಡೆದರು, ಬೆಂಗಳೂರಿನ ಆದರ್ಶ ಚಲನಚಿತ್ರ ಸಂಸ್ಥೆಯ ಪ್ರಾಂಶುಪಾಲರಾಗಿಯೂ ಇದ್ದರು. ಮನೆಯವರಿಗೆ ಇದನ್ನು ಹೇಳಿ, ಆದರೆ ಇದನ್ನೇ ವಾದವಾಗಿಸಬೇಡಿ. ಔಷಧಶಾಸ್ತ್ರ ಓದಿ ಪುಣೆಗೆ ಹೋದವರೆಲ್ಲ ಕಾಸರವಳ್ಳಿ ಆಗಲಿಲ್ಲ ಎಂದು ಅವರು ತಿರುಗಿ ಹೇಳಿದರೆ ನಿಮ್ಮ ಬಳಿ ಉತ್ತರವಿರುವುದಿಲ್ಲ.

ಎಂಜಿನಿಯರಿಂಗ್ ಹಿನ್ನೆಲೆ ಛಾಯಾಗ್ರಹಣ ಮತ್ತು ಧ್ವನಿ ವಿಭಾಗಗಳಲ್ಲಿ ನೇರವಾಗಿ ನೆರವಿಗೆ ಬರುತ್ತದೆ. ಕರ್ನಾಟಕದಲ್ಲಿ ಛಾಯಾಗ್ರಹಣ ಶಿಕ್ಷಣ ಹುಟ್ಟಿದ್ದೇ ಪಾಲಿಟೆಕ್ನಿಕ್ಕಿನಲ್ಲಿ ಎಂಬುದು ನಿಮಗೆ ಆಸಕ್ತಿಯ ಸಂಗತಿಯಾದೀತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಆರಂಭವಾದ ಆ ಡಿಪ್ಲೊಮಾ ಪಡೆದು ಹೊರಬಂದವರಲ್ಲಿ ಗುರುದತ್ತರ ಚಿತ್ರಗಳ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರೂ, ಮುಂದೆ ನಿರ್ದೇಶಕರಾದ ಗೋವಿಂದ ನಿಹಲಾನಿಯವರೂ ಇದ್ದಾರೆ.

ಆದರೆ ಶಿಕ್ಷಕನಾಗುವ ಆಸೆಯನ್ನು ಈಗಲೇ ಮುಂದಿಡಬೇಡಿ. ಕಲಿತ ಕೂಡಲೇ ಕಲಿಸಲು ನಿಂತವರು ಈಗ ಎಲ್ಲ ಊರಿನಲ್ಲಿಯೂ ಸಿಗುತ್ತಾರೆ, ಅವರ ವಿದ್ಯಾರ್ಥಿಗಳು ಮರುವರ್ಷವೇ ಇನ್ನೊಂದು ತರಗತಿ ತೆರೆಯುತ್ತಾರೆ. ಮಂಗಳೂರಿನ ಅಭಯ ಸಿಂಹ ಪುಣೆಯಲ್ಲಿ ಕಲಿತು ಬಂದು ತುಳುವಿನಲ್ಲಿ ‘ಪಡ್ಡಾಯಿ’ ಮಾಡಿದರು, ಅದಕ್ಕೆ ರಾಷ್ಟ್ರೀಯ ಪ್ರಶಸ್ತಿಯೂ ಬಂತು. ನಮ್ಮ ಕರಾವಳಿಯಲ್ಲಿ ಚಿತ್ರ ಮಾಡುವುದಕ್ಕೆ ಅವಕಾಶವಿಲ್ಲ ಎನ್ನುವ ಕಾಲ ಹೋಯಿತು. ನೌಕರಿಯಲ್ಲಿದ್ದುಕೊಂಡೇ ರಜೆ ಹಾಕಿ ಇಲ್ಲಿ ನಡೆಯುವ ಒಂದು ತುಳು ಚಿತ್ರದ ಧ್ವನಿ ವಿಭಾಗದಲ್ಲಿ ಸಹಾಯಕರಾಗಿ ನಿಲ್ಲಿ. ಮಳೆಗಾಲದಲ್ಲಿ ಹೆಂಚಿನ ಮನೆಯೊಳಗೆ ಸಂಭಾಷಣೆ ಮುದ್ರಿಸಿಕೊಳ್ಳುವ ಕಷ್ಟವನ್ನು ಒಮ್ಮೆ ಅನುಭವಿಸಿದ ಮೇಲೆ, ಪುಣೆಗೆ ಅರ್ಜಿ ಹಾಕುವುದೋ ಬೇಡವೋ ಎಂದು ತೀರ್ಮಾನಿಸಬಹುದು.